ಎರಡು ಜೀವಕ್ಕೆ ಕೇಳಿದ ಪ್ರಸಾದ

ತುಪ್ಪದಲ್ಲಿ ಅಂಟು ಹುರಿಯುತ್ತಿದ್ದೆ. ನಮ್ಮ ಹಿಂದಿನ ಬಿಲ್ಡಿಂಗಿನ ತೆಲುಗು ಹುಡುಗಿಗೆ ಹೆರಿಗೆಯಾಗಿದೆ, ಅವಳ ಅಮ್ಮನಿಗೆ ಇನ್ನೂ ವೀಸಾ ಸಿಕ್ಕಿಲ್ಲ. ಬಾಣಂತಿಗೆ ಯಾರಾದರೂ ನಾಲ್ಕು ಉಂಡೆ ಕಟ್ಟಿಕೊಡಬೇಕಲ್ಲ. ಅಂಟಿನ ಹರಳು ಬಿಸಿ ತುಪ್ಪಕ್ಕೆ ಬಿದ್ದಕೂಡಲೇ ಚಟಪಟ ಎಂದು ಅರಳಿ, ಬೆಳ್ಳಗೆ ಉಬ್ಬಿ ಮೇಲೆ ಬರುತ್ತದೆ. ಆ ವಾಸನೆ ಬಂದರೆ ನನಗೆ ಕೆಳಗಿನ ಮನೆ ಅಕ್ಕನ ನೆನಪಾಗದೆ ಇರುವುದಿಲ್ಲ. ಈ ಉಂಡೆ ಕಲಿಸಿದವರೇ ಅವರು. ಅವರನ್ನೇ ನೆನೆಯುತ್ತ ಸೌಟು ಆಡಿಸುತ್ತಿದ್ದೆ... ಆಗ ಧಾರವಾಡದಿಂದ ಅವರ ಮಗಳ ಮೆಸೇಜು ಬಂತು.

"ಅವ್ವ ಹೋದ್ಲು ಆಂಟಿ. ನಿದ್ದಿಯೊಳಗ. ನಿಮಗ ಹೇಳಬೇಕು ಅನಿಸ್ತು."

ಒಲೆ ಆರಿಸಿದೆ. ನಿದ್ದೆಯಲ್ಲಿ ಹೋದರಲ್ಲ, ನರಳಲಿಲ್ಲವಲ್ಲ, ಅಷ್ಟು ಪುಣ್ಯ ಎಂದು ಮೊದಲು ಅಂದುಕೊಂಡೆ. ಎಂಥ ಸುದ್ದಿ ಬಂದರೂ ಅದರೊಳಗೆ ಒಂದು ಪುಣ್ಯ ಹುಡುಕುವುದು ನನ್ನ ಅಭ್ಯಾಸ. ಮಕ್ಕಳು ನಗುತ್ತಾರೆ, ನಗಲಿ. ಹಾಗೆ ಹುಡುಕದಿದ್ದರೆ ಈ ದೇಶದಲ್ಲಿ ಇಷ್ಟು ವರ್ಷ ನನ್ನ ಕೈಲಿ ಆಗುತ್ತಿರಲಿಲ್ಲ. ಆದರೆ ಅಂದು ಕುರ್ಚಿ ಎಳೆದುಕೊಂಡು ಅಡಿಗೆಮನೆಯಲ್ಲೇ ಕೂತುಬಿಟ್ಟೆ.

ಪಾರ್ಸಿಪನಿಯ ಈ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಅವರು ಕೆಳಗೆ. ಅವರನ್ನು ಅಕ್ಕ ಎಂದು ಕರೆದರೂ ಅವರ ಯಜಮಾನರು ನಮಗೆ ಅಂಕಲ್ಲೇ. ಈ ಊರಿನ ನಂಟಸ್ತಿಕೆಯೇ ಹಾಗೆ. ಅಂಕಲ್‌ರ ಅಣ್ಣ ಎಂದೋ ಇಲ್ಲಿಗೆ ಬಂದವರು, ತಮ್ಮನಿಗೆ ಸ್ಪಾನ್ಸರ್ ಮಾಡಿದ್ದರು. ವರ್ಷಗಟ್ಟಲೆ ಕಾದು ಗ್ರೀನ್ ಕಾರ್ಡ್ ಕೈಗೆ ಬರುವ ಹೊತ್ತಿಗೆ ಒಬ್ಬಳೇ ಮಗಳ ವಯಸ್ಸು ಇಪ್ಪತ್ತೊಂದು ಮೀರಿತ್ತು, ಅವಳಿಗೆ ಸಿಗಲಿಲ್ಲ. ಅಲ್ಲೇ ಮದುವೆ ಮಾಡಿ ಇವರಿಬ್ಬರು ಬಂದರು. ಅಂಕಲ್ ಸೀಕಾಕಸ್‌ನ ಒಂದು ವೇರ್‌ಹೌಸಿನಲ್ಲಿ ಕೆಲಸಕ್ಕೆ ಸೇರಿದರು. ಅಕ್ಕ ಮನೆ ನೋಡಿಕೊಂಡಿದ್ದರು, ಜೊತೆಗೆ ನಮ್ಮ ಮನೆಯನ್ನೂ ಅರ್ಧ ನೋಡಿಕೊಳ್ಳುತ್ತಿದ್ದರು.

ನಮ್ಮೆಲ್ಲರ ಬಾಣಂತನಕ್ಕೆ ಅಲ್ಲಿಂದ ಅಮ್ಮಂದಿರು ಪುಡಿ, ಲೇಹ್ಯ ಕಟ್ಟಿಕೊಂಡು ಇಲ್ಲಿಗೆ ಬಂದರು. ಅಕ್ಕನದು ತಿರುಗುಮುರುಗು, ಇಲ್ಲಿಂದ ಅವರೇ ಅಲ್ಲಿಗೆ ಹೋಗಬೇಕು. "ಎಲ್ಲಾರ ತವರುಮನಿ ಊರಾಗ ಇರತೈತಿ. ನನ್ನ ಮಗಳದು ಹೈವೇ ಎಕ್ಸಿಟ್ ಹಂತೇಕ ಐತಿ ನೋಡು ತಂಗಿ" ಎಂದು ನಗುತ್ತಿದ್ದರು.

ಆ ವಸಂತದಲ್ಲಿ ಮಗಳಿಗೆ ದಿನ ತುಂಬುತ್ತಿತ್ತು. ಇಲ್ಲಿ ನಾವು ಲಸಿಕೆ ಹಾಕಿಸಿಕೊಂಡು ಒಂದಿಷ್ಟು ಉಸಿರು ಬಿಟ್ಟಿದ್ದೆವು. ಅಲ್ಲಿ ಕೊರೊನಾದ ಎರಡನೇ ಅಲೆ ಎದ್ದಿತ್ತು. ಟಿವಿ ಹಾಕಿದರೆ ಚಿತೆ, ಆಕ್ಸಿಜನ್ ಸಿಲಿಂಡರು, ಆಸ್ಪತ್ರೆಯ ಬಾಗಿಲಲ್ಲಿ ಮಲಗಿದ ಜನ. ಮಗಳ ಅತ್ತೆ ಅದೇ ರೋಗಕ್ಕೆ ಹಿಂದಿನ ವರ್ಷ ಹೋಗಿದ್ದರು. ಮನೆಯಲ್ಲಿ ಅಳಿಯ ಒಬ್ಬನೇ. ಗೊತ್ತು ಮಾಡಿದ್ದ ಎರೆಯುವ ಹೆಂಗಸು, ಯಾರ ಮನೆಗೂ ಬರೋದಿಲ್ಲ ಎಂದುಬಿಟ್ಟಿದ್ದಳು. ಮಗು ಹುಟ್ಟಿದರೆ ಎತ್ತಿಕೊಳ್ಳುವ ಕೈ ಇಲ್ಲ.

ಅಕ್ಕ ಹೋಗಬೇಕೋ, ಬೇಡವೋ. ಆ ಮನೆಯಲ್ಲಿ ಅದೊಂದೇ ಮಾತು. ನಮ್ಮ ಯಜಮಾನರು ಮೆಟ್ಟಿಲ ಮೇಲೆ ನಿಂತು, "ಅಲ್ಲ ಅಕ್ಕಾ, ಅಲ್ಲಿಂದ ಹೊರಗೆ ಬರೋಕೆ ಜನ ಒದ್ದಾಡ್ತಿದಾರೆ, ನೀವು ಒಳಗೆ ಹೋಗ್ತೀನಿ ಅಂತೀರಲ್ಲ? ಫ್ಲೈಟ್ ಯಾವಾಗ ಕ್ಯಾನ್ಸಲ್ ಆಗುತ್ತೋ ಗೊತ್ತಿಲ್ಲ" ಎಂದರು. ಮಗಳೇ ಫೋನಿನಲ್ಲಿ, "ಬರಬ್ಯಾಡವ್ವಾ, ನಿನಗೇನರ ಆದ್ರ ನಾ ಏನ್ ಮಾಡ್ಲಿ" ಎಂದು ಅತ್ತಳು. ಅಂಕಲ್ ಸಿಟ್ಟಿನಲ್ಲೂ ತಮಾಷೆ ಬಿಡುವವರಲ್ಲ.

"ನಿನಗ ಶುಗರ್ ಐತಿ, ಬಿ.ಪಿ. ಐತಿ. ನೀ ಹೋಗಿ ಆಕಿ ಬಾಣಂತನ ಮಾಡ್ತಿಯೋ, ಆಕೀನ ನಿನ್ನ ಬಾಣಂತನ ಮಾಡಬೇಕೋ?"

"ಕಟ್ಟಿದ ಉಂಡಿ ತಿನ್ನಾಕ ಬಂದೀರಿ, ತಿಂದು ಸುಮ್ಮನ ಹೋಗ್ರಿ" ಎಂದರು ಅಕ್ಕ.

ಜಗಳ ಒಂದು ಕಡೆ, ಉಂಡೆ ಒಂದು ಕಡೆ. ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ. ಶುಂಠಿ, ಓಮ ಬೇರೆ ಡಬ್ಬಿಗೆ. ಸೂಟ್‌ಕೇಸ್ ಬಾಯಿ ತೆರೆದು ಹಾಲಿನಲ್ಲಿ ಕೂತಿತ್ತು. "ಅಲ್ಲಾ ಅಕ್ಕ, ಎಡಿಸನ್‌ನ ಇಂಡಿಯನ್ ಅಂಗಡಿಯಿಂದ ಓಮ ತಗೊಂಡು ಧಾರವಾಡಕ್ಕೆ ಹೊರಟೋರು ನೀವೊಬ್ಬರೇ ಇರಬೇಕು" ಎಂದು ನಾನು ಛೇಡಿಸಿದರೆ, "ಅಲ್ಲಿ ಅಂಗಡಿ ಬಾಗಲಾ ಹಾಕ್ಯಾರಲ್ಲವಾ" ಎಂದರು. ನಗು ಬರಲಿಲ್ಲ ಅವರಿಗೆ.

ಕೊನೆಗೆ ಅಂಕಲ್ಲೇ ಒಂದು ದಾರಿ ಹೇಳಿದರು. "ಮ್ಯಾಲಿನ ಮನಿ ತಂಗಿ ಪ್ರಸಾದ ಕೇಳ್ತಾಳಲ್ಲ. ದೇವ್ರು ಹೋಗು ಅಂದ್ರ ಹೋಗು. ನಾ ಅಡ್ಡ ಬರಂಗಿಲ್ಲ."

ನಮ್ಮ ಕಡೆ ಮನಸ್ಸು ಎತ್ತಲೂ ಹರಿಯದಿದ್ದಾಗ ಹೀಗೆ ಕೇಳುವುದುಂಟು. ಒದ್ದೆ ಹೂವಿನ ಎಸಳನ್ನು ಅಮ್ಮನವರ ವಿಗ್ರಹಕ್ಕೆ ಎರಡೂ ಕಡೆ ಅಂಟಿಸಿ, ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟು ಕೂರಬೇಕು. ಬಾಯಿಬಿಟ್ಟು ಹೇಳಬಾರದು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡವೆಂದು. ನನ್ನ ಅತ್ತೆಯಿಂದ ನನಗೆ ಬಂದದ್ದು. ಇಲ್ಲಿ ನನ್ನ ದೇವರಮನೆ ಎಂದರೆ ಅಡಿಗೆಮನೆಯ ಒಂದು ಕಪಾಟು. ಅದರ ಎಡಕ್ಕೇ ಹೀಟರಿನ ಗಾಳಿ ಬರುವ ಕಿಂಡಿ, ಆ ಗಾಳಿ ಎಡದ ಹೂವನ್ನು ಒತ್ತಿಹಿಡಿದು ಬಲದ್ದನ್ನು ಬೀಳಿಸುತ್ತದೆ. "ಅಲ್ಲಿ ಕೂರಿಸಿದ್ರೆ ದೇವರು ಯಾವತ್ತೂ ಎಡಕ್ಕೆ ಹೂ ಕೊಡಲ್ಲ ಕಣೇ, ಎಲ್ಲದಕ್ಕೂ ಎಸ್ ಅಂತಾನೆ" ಎಂದು ಯಜಮಾನರು ಹಾಸ್ಯ ಮಾಡುತ್ತಿದ್ದರು. ಅದಕ್ಕೇ ನಾನು ಮೊದಲು ಹೋಗಿ ಥರ್ಮೋಸ್ಟಾಟ್ ಆರಿಸಿ ಬರುತ್ತಿದ್ದೆ. ಅವತ್ತೂ ಆರಿಸಿದೆ.

ಅಕ್ಕ ತಲೆಗೆ ಸ್ನಾನ ಮಾಡಿ ಬಂದು ಚಾಪೆಯ ಮೇಲೆ ಕೂತರು. ಅಂಕಲ್ ಮಾಸ್ಕ್ ಹಾಕಿಕೊಂಡು ಫ್ರಿಜ್ಜಿಗೆ ಒರಗಿ ಕೈಮುಗಿದು ನಿಂತರು. ಗ್ರೋಸರಿಯಿಂದ ತಂದ ಸೇವಂತಿಗೆಯ ಎಸಳು. ಹೂ ಅಲ್ಲಾಡಲಿಲ್ಲ. ಒಳಗಿನ ಕೋಣೆಯಿಂದ ನನ್ನ ಮಗಳ ಜೂಮ್ ಕ್ಲಾಸಿನ ಟೀಚರ್ ಧ್ವನಿ ಬರುತ್ತಿತ್ತು. ಮನೆ ತಣ್ಣಗಾಗುತ್ತ ಬಂತು. ಅಕ್ಕನ ತುಟಿ ಮಾತ್ರ ಅಲ್ಲಾಡುತ್ತಿತ್ತು... ಆಮೇಲೆ ಬಲಗಡೆಯ ಎಸಳು ಮೆಲ್ಲನೆ ಜಾರಿ ಸ್ಟೀಲ್ ತಟ್ಟೆಯ ಮೇಲೆ ಬಿತ್ತು.

"ಆತು. ಟಿಕೆಟ್ ನೋಡ್ತೀನಿ" ಎಂದರು ಅಂಕಲ್. ಕೆಳಗಿಳಿದು ಹೋದರು.

ಹೊರಡುವ ದಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಡಿಕ್ಕಿ ತೆರೆದು ನಿಂತಿದ್ದೆವು. ಅಂಕಲ್ ಇನ್ನೊಂದು ಬ್ಯಾಗು ತರಲು ಒಳಗೆ ಹೋದರು. ಅಕ್ಕ ನನ್ನ ಕೈ ಹಿಡಿದುಕೊಂಡು, "ನಾ ಹೋಗ್ಲೋ ಬ್ಯಾಡೋ ಅಂತ ಕೇಳಿಲ್ಲ ತಂಗಿ" ಎಂದರು.

ನನಗೆ ತಿಳಿಯಲಿಲ್ಲ. "ಮತ್ತೆ ಇನ್ನೇನು ಕೇಳಿದ್ರಿ?"

"ತಾಯಿ ಮಗು ಬ್ಯಾರೆ ಬ್ಯಾರೆ ಆಗಿ ಎರಡೂ ಜೀವ ಉಳೀತಾವೇನು ಅಂತ ಅಷ್ಟ ಕೇಳೀನಿ. ಹೋಗ್ಲೇನು ಅಂತ ಕೇಳಿ, ದೇವ್ರು ಬ್ಯಾಡ ಅಂದಿದ್ರ ನಾ ಏನ್ ಮಾಡ್ಲಿ? ಅದಕ್ಕ ಕೇಳಾಕ ಹೋಗಲಿಲ್ಲ."

"ಅಂಕಲ್‌ಗೆ ಹೇಳಿದ್ರಾ?"

"ಹುಚ್ಚಿ. ದೇವ್ರು ಹೋಗು ಅಂದಾನ ಅಂತ ಅವ್ರು ನೆಮ್ಮದಿಯಿಂದ ಅದಾರ. ಇರ್ಲಿ ಬಿಡು."

ಅಕ್ಕ ಹೋದರು. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ತಾಯಿ ಮಗು ಬೇರೆಯಾದರು, ಇಬ್ಬರೂ ಚೆನ್ನಾಗಿದ್ದರು. ಹೆಣ್ಣುಮಗು. ಅಂಕಲ್ ಪೇಡೆ ತಂದು ಮೇಲಿನಿಂದ ಕೆಳಗಿನವರೆಗೆ ಎಲ್ಲ ಮನೆಗೂ ಹಂಚಿದರು, ನಮ್ಮ ಎದುರುಮನೆಯ ಚೀನೀ ಅಜ್ಜಿಗೂ ಕೊಟ್ಟರು. ಫೋನಿನಲ್ಲಿ ಮೊಮ್ಮಗಳಿಗೆ ಅಕ್ಕ ಎಣ್ಣೆ ಹಚ್ಚಿ ಎರೆಯುವುದನ್ನು ನೋಡುತ್ತ, "ಸಾವಕಾಶ, ಸಾವಕಾಶ, ರೊಟ್ಟಿ ತಟ್ಟಿದಂಗ ತಟ್ಟಬ್ಯಾಡ" ಎಂದು ಇಲ್ಲಿಂದ ಕೂಗುತ್ತಿದ್ದರು. ನಾನು ಸಂಜೆ ಅವರಿಗೆ ಸಾರು ಪಲ್ಯ ಕಳಿಸುತ್ತಿದ್ದೆ. ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಅವರು ಅದನ್ನು ತೊಳೆದು, ಒಳಗೊಂದು ಸೇಬು ಇಟ್ಟು ಕಳಿಸುತ್ತಿದ್ದರು.

ನಾವೆಲ್ಲ ಅಕ್ಕನಿಗಾಗಿ ಹೆದರಿದ್ದೆವು. ದಿನಾ ದೇವರ ಮುಂದೆ ದೀಪ ಹಚ್ಚುವಾಗ ಅವರ ಹೆಸರು ಹೇಳುತ್ತಿದ್ದೆ. ಇತ್ತ ಯಾರೂ ನೋಡಿರಲಿಲ್ಲ... ಒಂದು ಮಧ್ಯಾಹ್ನ ಅಂಕಲ್ ಕೆಲಸದಿಂದ ಬಂದು ಕಾರು ನಿಲ್ಲಿಸಿದ್ದನ್ನು ಅಡಿಗೆಮನೆಯ ಕಿಟಕಿಯಿಂದ ಕಂಡೆ. ಇಳಿಯಲಿಲ್ಲ. ಮಗಳ ಹತ್ತಿರ ಮಾತಾಡುತ್ತಿರಬೇಕು ಎಂದುಕೊಂಡೆ. ಯಜಮಾನರು ಕಸ ಹಾಕಲು ಹೋದವರು ಗಾಜು ತಟ್ಟಿದರು, ಆಮೇಲೆ ಬಾಗಿಲು ತೆರೆದರು. ಅಂಕಲ್‌ರ ಹೃದಯ ನಿಂತಿತ್ತು. ಕೊರೊನಾ ಅಲ್ಲ, ಏನೂ ಅಲ್ಲ. ಹೈವೇಯಲ್ಲಿ ಆಗಲಿಲ್ಲ, ಇನ್ನೊಬ್ಬರಿಗೆ ಅಪಾಯವಾಗಲಿಲ್ಲ. ಮೊಮ್ಮಗಳ ಮುಖ ಫೋನಿನಲ್ಲಾದರೂ ಕಂಡಿದ್ದರು. ಅವತ್ತು ನಾನು ಎಣಿಸಿಕೊಂಡ ಪುಣ್ಯ ಇಷ್ಟೇ. ಎಣಿಸಿದರೂ ಹಿಡಿಯಲ್ಲಿ ನಿಲ್ಲಲಿಲ್ಲ.

ಅಕ್ಕ ಆ ದಿನವೇ ಹೊರಟು ನಿಂತರು. ವಿಮಾನ ಹತ್ತಲು ಟೆಸ್ಟ್ ಆಗಬೇಕಿತ್ತು. ಟೆಸ್ಟ್ ಪಾಸಿಟಿವ್ ಬಂತು. ಒಂದು ಸಣ್ಣ ಕೆಮ್ಮು ಬಿಟ್ಟರೆ ಅವರಿಗೆ ಏನೂ ಆಗಿರಲಿಲ್ಲ, ಆದರೆ ಹತ್ತಿಸಿಕೊಳ್ಳಲಿಲ್ಲ. ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಇಲ್ಲಿ ಅಂಕಲ್‌ರ ಅಣ್ಣ ಟೆಕ್ಸಾಸ್‌ನಿಂದ ಬಂದು ಕ್ರಿಯೆ ಮಾಡಿದರು. ನಾನು ಫ್ಯೂನರಲ್ ಹೋಮಿನಲ್ಲಿ ಅಕ್ಕನಿಗೆ ವಿಡಿಯೋ ಕಾಲ್ ಹಾಕಿ ಫೋನು ಹಿಡಿದು ನಿಂತಿದ್ದೆ. ಚಿತ್ರ ಅಲ್ಲಾಡಿದರೆ ಅವರಿಗೆ ಕಾಣುವುದಿಲ್ಲವಲ್ಲ ಎಂದು ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದೆ. ಅಕ್ಕ ಸೆರಗನ್ನು ಬಾಯೊಳಗೆ ತುರುಕಿಕೊಂಡಿದ್ದರು. ಯಾಕೆಂದು ಆಮೇಲೆ ತಿಳಿಯಿತು. ಗೋಡೆಯ ಆಚೆ ಕೂಸು ಆಗಷ್ಟೇ ಮಲಗಿತ್ತು.

ಎಲೆ ಉದುರುವ ಕಾಲಕ್ಕೆ ಅವರು ಬಂದರು, ಮನೆ ಖಾಲಿ ಮಾಡಲು. ಸೋಫಾ, ಮಿಕ್ಸಿ, ಅಂಕಲ್‌ರ ಚಳಿಗಾಲದ ಬೂಟು ಎಲ್ಲವನ್ನೂ ಬೇಕಾದವರಿಗೆ ಕೊಟ್ಟರು. ಕೊನೆಯ ದಿನ ನನ್ನ ಅಡಿಗೆಮನೆಯಲ್ಲಿ ಕೂತು ಚಹ ಕುಡಿದರು. ಅವರೇ ಹೇಳಿದರು.

"ಮೂರನೇ ಜೀವದ್ದು ನಾ ಕೇಳಲಿಲ್ಲ ತಂಗಿ. ನೆನಪ ಬರಲಿಲ್ಲ. ಗಟ್ಟಿಮುಟ್ಟ ಇದ್ರಲ್ಲ ಅವ್ರು."

"ನೀವು ಇಲ್ಲೇ ಇದ್ದಿದ್ರೂ ಹೀಗೇ ಆಗ್ತಿತ್ತೇನೋ ಅಕ್ಕ."

"ಆಗ್ತಿತ್ತು. ಆದ್ರ ಮನಿಗೆ ಬಂದು, ಒಂದ್ ಕಪ್ ಚಾ ಕುಡಿದು ಆಗ್ತಿತ್ತು." ಲೋಟ ಕೆಳಗಿಟ್ಟು ಮತ್ತೆ ಅಂದರು, "ಕೇಳಿದ್ದನ್ನ ದೇವ್ರು ಕೊಟ್ಟಾನ. ಕೇಳಲಾರದ್ದಕ್ಕ ಅವನ್ನ ಬೈದ್ರ ಹ್ಯಾಂಗ?"

ಅವರು ಧಾರವಾಡಕ್ಕೆ ಹೋಗಿ ಮಗಳ ಜೊತೆ ಇದ್ದುಬಿಟ್ಟರು. ಯುಗಾದಿಗೆ, ದೀಪಾವಳಿಗೆ ಫೋನು. ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ಮಾತು ಬಹಳ, ಅಜ್ಜನ ಹಾಗೇ ತಮಾಷೆ ಎನ್ನುತ್ತಿದ್ದರು...

ಕುರ್ಚಿಯಿಂದ ಎದ್ದು ಅಕ್ಕನ ಮಗಳಿಗೆ ಫೋನು ಮಾಡಿದೆ. ಅಲ್ಲಿ ಸಂಜೆಯಾಗಿತ್ತು, ಎಲ್ಲ ಮುಗಿದಿತ್ತು. ಹೇಗಾಯಿತು, ಯಾರು ಬಂದಿದ್ದರು ಎಂದೆಲ್ಲ ಹೇಳಿದಳು. ಆಮೇಲೆ ಧ್ವನಿ ತಗ್ಗಿಸಿ, "ಆಂಟಿ, ಒಂದ್ ಮಾತು ಕೇಳ್ಲೇನ್ರಿ? ಅವ್ವ ನನ್ನ ಹಂತೇಕ ಬಂದದ್ದು ದೇವ್ರು ಹೋಗು ಅಂದಿದ್ದಕ್ಕ, ಹೌದಲ್ಲ? ಅಪ್ಪ ಒಬ್ರ ಹೋದ್ರು. ಅದು ನನ್ನ ಸಲುವಾಗಿ ಆತು ಅಂತ ಅನಿಸಿದಾಗೆಲ್ಲ ನಾ ಅದನ್ನ ನೆನಸ್ಕೋತೀನಿ" ಎಂದಳು.

ಹಾಗಾದರೆ ಅಕ್ಕ ಮಗಳಿಗೂ ಹೇಳಿರಲಿಲ್ಲ. ಗಂಡನಿಗೆ ಕೊಟ್ಟ ನೆಮ್ಮದಿಯನ್ನೇ ಮಗಳಿಗೂ ಬಿಟ್ಟು ಹೋಗಿದ್ದರು. ಈಗ ಅದು ನನ್ನ ಬಾಯಲ್ಲಿತ್ತು. ಅವಳ ಹಿಂದೆ ಮಗು, ಇನ್ನೊಂದು ಬಿಸ್ಕೀಟು ಬೇಕೆಂದು ರಚ್ಚೆ ಹಿಡಿದಿತ್ತು.

"ಹೂ ಬಲಕ್ಕೇ ಬಿತ್ತಮ್ಮಾ" ಎಂದೆ. "ನಾನೇ ಕೂತಿದ್ದೆ ಎದುರಿಗೆ. ನಿಮ್ಮಪ್ಪನೂ ನೋಡಿದ್ರು."

ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿತು. "ಅಷ್ಟು ಸಾಕ್ರಿ ಆಂಟಿ" ಎಂದಳು. ನಾನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವ ಹಾಗೆ ದೇವರು ಮಾಡಲಿಲ್ಲ.

ಫೋನು ಇಟ್ಟ ಮೇಲೆ ಸ್ನಾನ ಮಾಡಬೇಕೋ ಏನೋ ಎಂದು ಯೋಚಿಸಿದೆ. ಅವರು ನನ್ನ ಜಾತಿಯವರಲ್ಲ, ಬಂಧುವಲ್ಲ, ನನಗೆ ಸೂತಕವಿಲ್ಲ. ಅಷ್ಟು ವರ್ಷ ಜೊತೆಗಿದ್ದವರಿಗೆ ಒಂದು ತಂಬಿಗೆ ನೀರು ಸುರಿದುಕೊಳ್ಳುವ ಹಕ್ಕೂ ನನಗಿಲ್ಲ. ಆದರೂ ತಲೆಯ ಮೇಲೆ ನೀರು ಹಾಕಿಕೊಂಡು ಬಂದೆ, ಯಾರನ್ನೂ ಕೇಳಲಿಲ್ಲ.

ಬೇಸ್‌ಮೆಂಟಿನಲ್ಲಿ ಎಲ್ಲ ಮನೆಗೂ ಒಂದೇ ಡ್ರೈಯರ್, ಬೆಳಿಗ್ಗೆ ಅದಕ್ಕೆ ಬಟ್ಟೆ ಹಾಕಿ ಬಂದಿದ್ದೆ, ಆಗಲೇ ನಿಂತಿರಬೇಕು. ಬಟ್ಟೆ ತೆಗೆಯದಿದ್ದರೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಬುಟ್ಟಿ ಎತ್ತಿಕೊಂಡು ಕೆಳಗಿಳಿದೆ.