ಬಾಲ್ಕನಿ ಸೇರಿದ ಬಕೆಟ್ಟು

ಅತಿಥಿಗಳು ಬರುತ್ತಾರೆಂದರೆ ನೀವು ಮೊದಲು ಏನನ್ನು ಬಚ್ಚಿಡುತ್ತೀರಿ? ಕಳೆದ ತಿಂಗಳು ನಾವು ಬಕೆಟ್ಟನ್ನು ಬಚ್ಚಿಟ್ಟೆವು.

ಅತಿಥಿಯ ಹೆಸರು ಕರೀನ್. ಸ್ವೀಡನ್ನಿನವಳು, ನಮ್ಮ ಆಫೀಸಿನಲ್ಲಿ ಡಿಸೈನರ್. (ಡಾಟ್ ಕಾಂ ಆಫೀಸು. ನಾವು ಏನು ಮಾರುತ್ತೇವೆಂದು ನನ್ನ ಗಂಡನಿಗೆ ಇನ್ನೂ ಅರ್ಥವಾಗಿಲ್ಲ. ನನಗೂ ಅಷ್ಟಕ್ಕಷ್ಟೆ.) ವಾರವೆಲ್ಲ ವೆಬ್‌ಸೈಟಿಗೆ ಬಟನ್ನು ಬಿಡಿಸುತ್ತಾಳೆ. ವೀಕೆಂಡಿನಲ್ಲಿ ಗರಾಜಿನೊಳಗೆ ಮರ ಕೆತ್ತಿ, ಕೈಕಾಲು ಸೋತವರಿಗೆ ಬೇಕಾದ ಸಾಮಾನು ಮಾಡುತ್ತಾಳೆ. ಅವಳ ಊರಿನಲ್ಲಿ ಡಿಸೈನ್ ಅಂದರೆ ಅದೇ ಅಂತೆ. ನೋಡಲು ಚೆಂದವೂ ಇರಬೇಕು, ಅಜ್ಜಿಯ ಕೈಗೂ ಒಗ್ಗಬೇಕು.

ಮಂಡ್ಯದಿಂದ ಬಂದಿರುವ ನಮ್ಮತ್ತೆಗೆ ಮಂಡಿನೋವು. ಇಲ್ಲಿ ಅಮೆರಿಕದ ಮಿಲ್ಪಿಟಾಸಿನ ನಮ್ಮ ಅಪಾರ್ಟ್‌ಮೆಂಟಿನ ಬಾತ್‌ಟಬ್ಬಿನ ಅಂಚು ದಾಟುವುದೆಂದರೆ ಅವರಿಗೆ ಜೀವಭಯ. ಒಮ್ಮೆ ಜಾರಿದ್ದೂ ಆಗಿತ್ತು. ಇದನ್ನು ಕೇಳಿದ ಕರೀನ್, 'ಅವರು ಹೇಗೆ ಸ್ನಾನ ಮಾಡ್ತಾರೆ, ಬಂದು ನೋಡಲಾ?' ಅಂದಳು. (ಬಾತ್‌ರೂಮನ್ನು, ಸ್ನಾನವನ್ನಲ್ಲ.)

ಬರುವವಳು ಫಾರಿನರ್ರು, ಅದರಲ್ಲೂ ಡಿಸೈನರ್ರು. ನಾನೂ ನನ್ನ ಗಂಡನೂ ಬಾತ್‌ರೂಮ್ ತಿಕ್ಕಿದ್ದೇ ತಿಕ್ಕಿದ್ದು. ಹೊಸ ಶವರ್ ಕರ್ಟನ್ನು ಬಂತು. ಕೆಂಪು ಬಕೆಟ್ಟು, ಮಗ್ಗು, ಅತ್ತೆ ಕೂರುವ ಪ್ಲಾಸ್ಟಿಕ್ ಸ್ಟೂಲು ಬಾಲ್ಕನಿ ಸೇರಿದವು.

ಕರೀನ್ ನೋಡಿದಳು. 'ತುಂಬಾ ನೀಟಾಗಿದೆ' ಅಂದಳು. ಪೆನ್ಸಿಲ್ಲು ತೆಗೆಯಲೇ ಇಲ್ಲ. ಗೋಡೆಗೊಂದು ಹಿಡಿ ಹಾಕಿಸಿ ಎಂದು ಹೇಳಿ ಹೊರಡುವವಳಿದ್ದಳು.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. 'ಅಲ್ಲ ಕಣಮ್ಮ, ನನ್ ಬಕೆಟ್ಟು ಎಲ್ಗೋಯ್ತು? ಅದಿಲ್ದೆ ನಾನ್ ಹೆಂಗ್ ನೀರ್ ಹುಯ್ಕೊಳ್ಳೋದು?'

ಇದನ್ನು ಇಂಗ್ಲಿಷಿಗೆ ತರುವಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಡ ಪೆಚ್ಚುಮೋರೆ ಹಾಕಿಕೊಂಡು ಎಲ್ಲವನ್ನೂ ವಾಪಸ್ ತಂದರು. ಅತ್ತೆ ನನ್ನ ಭುಜ ಹಿಡಿದು ಒಣ ಟಬ್ಬಿಗೆ ಇಳಿದು, ಸೀರೆಯಲ್ಲೇ ಕೂತು, ಖಾಲಿ ಮಗ್ಗಿನಲ್ಲಿ ಸ್ನಾನ ಮಾಡಿ ತೋರಿಸಿದರು. ಆಗ ಪೆನ್ಸಿಲ್ಲು ಹೊರಗೆ ಬಂತು.

ಈಗ ನಮ್ಮ ಟಬ್ಬಿಗೆ ಅಡ್ಡಲಾಗಿ ಕರೀನ್ ಮಾಡಿಕೊಟ್ಟ ಬರ್ಚ್ ಮರದ ಹಲಗೆಯೊಂದಿದೆ. ಹೊರಗಿನಿಂದಲೇ ಕೂತು, ನಿಧಾನವಾಗಿ ಕಾಲು ಒಳಗಿಟ್ಟು, ಸರಿದರಾಯಿತು. ಕೂರುವ ಜಾಗ ತುಸು ತಗ್ಗು, ನುಣುಪು. ಅವಳೂರಿನ ಸಮುದ್ರದ ದಡದಲ್ಲಿ ಬಂಡೆಗಳು ಹಾಗೇ ಸವೆದಿರುತ್ತವಂತೆ. ಬಕೆಟ್ಟು ಕೈಗೆಟುಕುವ ಹಾಗೆ ನಲ್ಲಿಯ ಕೆಳಗೆ ಕೂತಿದೆ. 'ಮಣೆ ಚೆನ್ನಾಗದೆ' ಅಂದರು ಅತ್ತೆ. ಅವರು ಯಾರ ಕೈಯನ್ನೂ ಹಿಡಿಯದೆ ಸ್ನಾನ ಮುಗಿಸಿ, ಹಾಡು ಗುನುಗುತ್ತಾ ಬರುವುದನ್ನು ನೋಡಿದರೆ ನನಗೆ ಬೆಳಿಗ್ಗೆಯೇ ಹೊಟ್ಟೆ ತುಂಬಿದಂತಾಗುತ್ತದೆ.

ಮೊನ್ನೆ ಊಟಕ್ಕೆ ಬಂದ ಕನ್ನಡದವರಿಗೆಲ್ಲ ಅತ್ತೆ ಮೊದಲು ತೋರಿಸಿದ್ದು ಬಾತ್‌ರೂಮನ್ನೇ. ಎಲ್ಲರೂ ಮಣೆಯನ್ನು ಹೊಗಳಿದರು. ಬಕೆಟ್ಟು ಕಂಡು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಾವೇ ಸಿಕ್ಕಿಬಿದ್ದವರ ಹಾಗೆ ನಕ್ಕರು.

ನಿಜ ಹೇಳಿ, ನಿಮ್ಮ ಬಕೆಟ್ಟು ಯಾವ ಬಟ್ಟೆ ಕ್ಲಾಸೆಟ್ಟಿನಲ್ಲಿ ಅಡಗಿದೆ?