ಕೆಂಪು ಗುಂಡಿಯ ಪಾಠ

ಸವಿತಾ, ನಿನ್ನ ಬಲಗೈ ಸುಟ್ಟುಹೋದದ್ದು ನನ್ನಿಂದ. ಅಷ್ಟೇ ಆಗಿದ್ದರೆ... ಇಲ್ಲ, ಪೂರ್ತಿ ಹೇಳುತ್ತೇನೆ. ಆಮೇಲೆ ಆ ತಪ್ಪನ್ನು ನಿನ್ನ ತಲೆಗೇ ಕಟ್ಟಿದವನೂ ನಾನೇ.

ಬಾಗೂರಿನ ಕಡೆಯ ಆ ಪ್ರೌಢಶಾಲೆಗೆ ನಾನು ಮೇಷ್ಟ್ರಾಗಿ ಬಂದಾಗ ನೀನು ಒಂಬತ್ತನೇ ತರಗತಿ. ಮೂರನೇ ಭಾಷೆಯಾದ ಹಿಂದಿಯ ಬದಲು ಎಲೆಕ್ಟ್ರಿಕಲ್ ವಿಷಯ ಆರಿಸಿಕೊಂಡ ಮಕ್ಕಳಿಗೆ ಕೈಯಾರೆ ಕೆಲಸ ಕಲಿಸುವುದೇ ನನ್ನ ನೌಕರಿ. ಸಾಮಾನೆಲ್ಲ ಬಂದಿತ್ತು — ಟೆಸ್ಟರು, ವೈರು, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಕೂಡ. ನಾನು ಅವನ್ನು ಪ್ಲಾಸ್ಟಿಕ್ ಕವರ್ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಏನಾದರೂ ಕೆಟ್ಟರೆ ಯಾರಾದರೂ ಕೇಳಿಯಾರು ಎಂಬ ಪುಕ್ಕಲುತನ. ಪಾಠವೆಲ್ಲ ಬೋರ್ಡಿನ ಮೇಲೆ, ಚಿತ್ರ ಬರೆದು, ಬಣ್ಣದ ಸೀಮೆಸುಣ್ಣದಲ್ಲಿ.

ಆಯುಧಪೂಜೆಗೆ ಮಾತ್ರ ಅವು ಹೊರಗೆ ಬರುತ್ತಿದ್ದವು. ಕವರಿನ ಮೇಲೆಯೇ ಕುಂಕುಮ ಇಟ್ಟು, ಚೆಂಡುಹೂ ಏರಿಸಿ, ಎಲ್ಲರಿಗೂ ಕಡ್ಲೆಪುರಿ ಹಂಚಿ, ಮತ್ತೆ ಬೀರುವಿನೊಳಗೆ. ಎಂಥ ಭಕ್ತಿ ನನ್ನದು! ಆ ವರ್ಷ ನೀನು ಸ್ಟಾರ್ಟರ್ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಸಾ, ಒಂದ್ಸಲ ಬಿಚ್ಚಿ ತೋರ್ಸಿ ಸಾ. ನಮ್ ತ್ವಾಟದಾಗೂ ಇಂಥದ್ದೇ ಐತೆ."

"ಕೆಟ್ರೆ ನಿಮ್ಮಪ್ಪ ತಂದ್ಕೊಡ್ತಾರೇನಮ್ಮ?" ಎಂದೆ ನಾನು. ತರಗತಿ ಗೊಳ್ಳೆಂದು ನಕ್ಕಿತು. ನೀನೂ ನಕ್ಕು ಎದ್ದು ಹೋದೆ.

ಬಿಚ್ಚಿದ್ದರೆ ಹೇಳಬೇಕಾಗಿದ್ದದ್ದು ಇಷ್ಟೇ — ಕೆಂಪು ಗುಂಡಿ ಒತ್ತಿದರೆ ನಿಲ್ಲುವುದು ಮೋಟಾರು, ಕರೆಂಟಲ್ಲ. ಮೇನ್ ಸ್ವಿಚ್ ಇಳಿಸದೆ, ಟೆಸ್ಟರ್ ಇಟ್ಟು ನೋಡದೆ ಡಬ್ಬಿಯೊಳಗೆ ಕೈ ಹಾಕಬಾರದು. ಇದನ್ನು ಬೋರ್ಡಿನ ಮೇಲೂ ನಾನು ಬರೆಯಲಿಲ್ಲ. ಆದರೂ ಹತ್ತನೇ ತರಗತಿಯ ಪ್ರಾಕ್ಟಿಕಲ್‌ನಲ್ಲಿ ನಿಮಗೆಲ್ಲ ಪೂರ್ತಿ ಅಂಕ ಕೊಟ್ಟೆ. ಧಾರಾಳವಾಗಿ.

ಆ ಅಂಕವನ್ನು ನೀನು ನಂಬಿದೆ. ಬೇಸಿಗೆ ರಜೆಯಲ್ಲಿ ನಿಮ್ಮ ತೋಟದ ಮೋಟಾರು ನಿಂತು ನಿಂತು ಓಡತೊಡಗಿದಾಗ, ಮೆಕ್ಯಾನಿಕ್‌ನನ್ನು ಕರೆಯಹೊರಟ ಅಪ್ಪನನ್ನು ತಡೆದು, ನಾನೇ ನೋಡುತ್ತೇನೆ ಎಂದೆಯಂತೆ. ಕೆಂಪು ಗುಂಡಿ ಒತ್ತಿದೆ. ಮೋಟಾರು ನಿಂತಿತು. ಡಬ್ಬಿ ತೆಗೆದು ಕೈ ಹಾಕಿದೆ...

ಜೀವ ಉಳಿಯಿತು. ಬಲಗೈಯ ಬೆರಳುಗಳು ಉಳಿಯಲಿಲ್ಲ.

ನಿಮ್ಮಪ್ಪ ಶಾಲೆಗೆ ಬಂದರು. ಜಗಳಕ್ಕಲ್ಲ, ಹೆಡ್‌ಮಾಸ್ಟರ ಎದುರು ನಿಂತು, ತಿಳಿಯದ್ದನ್ನು ಕೇಳುವವರ ಹಾಗೆ ನನ್ನನ್ನು ಕೇಳಿದರು.

"ಸಾ, ಒಳ್ಗಡೆ ಕರೆಂಟು ಇರ್ತದೆ ಅಂತ ಮಗೀಗೆ ಯೋಳ್ಕೊಟ್ಟಿರ್ನಿಲ್ವಾ?"

ಇಲ್ಲ ಎನ್ನಬೇಕಿತ್ತು. ಎರಡಕ್ಷರ. ಬಾಯಿಗೆ ಬಂದದ್ದು ಬೇರೆ — "ಹೇಳ್ಕೊಟ್ಟಿದ್ದೆ ಯಜಮಾನ್ರೇ. ಅವಳೇ ಗಮನ ಇಟ್ಟು ಕೇಳ್ಲಿಲ್ಲ."

ಅವರು ತಲೆಯಾಡಿಸಿ, ನನಗೆ ಕೈಮುಗಿದು ಹೋದರು.

ಇಷ್ಟು ವರ್ಷಗಳ ಮೇಲೆ, ಮೊನ್ನೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಗುರುತು ಹಿಡಿದವಳು ನೀನೇ. ನಾನು ನೋಡಿಯೂ ನೋಡದವನಂತೆ ನುಗ್ಗೇಹಳ್ಳಿ ಬಸ್ಸಿನ ಕಡೆ ತಿರುಗಿದ್ದೆ. ನೀನು ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹತ್ತಿರ ಬಂದೆ. ಚೆನ್ನಾಗಿದ್ದೀರಾ ಎಂದು ಕೇಳಿದೆ. ಆಮೇಲೆ, ನೀನೇ ಏನೋ ತಪ್ಪು ಮಾಡಿದವಳಂತೆ ದನಿ ತಗ್ಗಿಸಿದೆ.

"ನೀವು ಆ ಪಾಠ ಮಾಡ್ದಾಗ ಎಲ್ಲೋ ನೋಡ್ತಾ ಕುಂತಿದ್ದೆ ಅನ್ನುಸ್ತದೆ ಸಾ. ಎಷ್ಟು ಯೋಚ್ನೆ ಮಾಡುದ್ರೂ ಗ್ಯಾಪ್ಕಕ್ಕೇ ಬರಾಕಿಲ್ಲ."

ಆಗಲೂ ನಾನು ಬೆನ್ನು ತಿರುಗಿಸಿ ಬಸ್ಸು ಹತ್ತಿದೆ.

ನಾಳೆ ನಿಮ್ಮೂರಿಗೆ ಬರುತ್ತೇನೆ. ನಿಮ್ಮಪ್ಪನ ಎದುರು ಇದನ್ನೆಲ್ಲ ಹೇಳುತ್ತೇನೆ. ಅದರಿಂದ ನಿನಗೆ ಏನೂ ವಾಪಸು ಬರುವುದಿಲ್ಲ, ಗೊತ್ತು. ಕ್ಷಮೆ ಕೇಳುವ ಮುಖವೂ ನನಗಿಲ್ಲ. ಆದರೆ ನೀನು ಇನ್ನು ಹುಡುಕುವುದನ್ನು ಬಿಡು, ಸವಿತಾ. ಎಷ್ಟು ಯೋಚಿಸಿದರೂ ಆ ಪಾಠ ನಿನಗೆ ನೆನಪಾಗುವುದಿಲ್ಲ. ನಾನು ಅದನ್ನು ಮಾಡಿರಲೇ ಇಲ್ಲ.