ನೆರಿಗೆ ಹೆಚ್ಚಾದ ಬೇಲಿ

ಟೈಲರಮ್ಮನಿಗೆ ಬೇಕಾಗಿದ್ದದ್ದು ನೆತ್ತಿಯ ಮೇಲೆ ಒಂದಿಷ್ಟು ಬಿಸಿಲು, ಅಷ್ಟೇ. ಕಾಯಿಲೆ ವಾಸಿಯಾಗಿತ್ತು, ಮದ್ದಿಗೆ ಉದುರಿದ ಕೂದಲು ಮಾತ್ರ ಅಲ್ಲೊಂದು ಇಲ್ಲೊಂದು ಬಂದು ನಿಂತುಬಿಟ್ಟಿತ್ತು. ಮನೆಯೊಳಗೂ ತಲೆಗೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದರು. ಹಿಂದೆಲ್ಲ ತಲೆಗೆ ನೀರು ಹಾಕಿಕೊಂಡ ದಿನ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಕೂದಲು ಹರವಿ, ಕಣ್ಣು ಮುಚ್ಚಿ ಕೂರುತ್ತಿದ್ದವರು. ಈಗ ಕೂದಲಿಗಿಂತ ಆ ಬಿಸಿಲೇ ಹೆಚ್ಚು ಕಾಡುತ್ತಿತ್ತು.

ಹಿತ್ತಲ ಗೋಡೆ ಸೊಂಟದೆತ್ತರ. ಅದರಾಚೆ ಓಣಿ. ಅಲ್ಲಿ ಓಡಾಡುವ ಹೆಂಗಸರಲ್ಲಿ ಅರ್ಧಕ್ಕರ್ಧ ಅವರ ಗಿರಾಕಿಗಳು. ನೆಲದ ಮೇಲೆ ಕೂರೋಣವೆಂದರೆ ಮಿಷನ್ ತುಳಿದು ಸವೆದ ಮಂಡಿ ಮಡಚುತ್ತಿರಲಿಲ್ಲ.

"ಗೋಡೆ ಎತ್ತರ ಮಾಡಿಸಿಬಿಡೋಣ," ಎಂದರು ಗಂಡ.

"ಜೈಲಲ್ಲಿ ಕೂರೋಕೆ ನಾನೇನು ಕದ್ದಿದೀನೇನ್ರೀ? ಗಿಡ ನೆಡೋಣ."

ನರ್ಸರಿಯಲ್ಲಿ ಬಿದಿರಿನ ಹಿಂದೆ ಅಂಗೈ ಹಿಡಿದು ನೋಡಿದರು. "ಇದು ವಾಯಿಲ್ ಬಟ್ಟೆ. ಒಳಗಿನದೆಲ್ಲ ಕಾಣುತ್ತೆ." ದಾಸವಾಳದ ಎಲೆ ದಟ್ಟವಾಗಿತ್ತು, ಅಸ್ತರು ಕೊಟ್ಟ ಹಾಗೆ. ಅದೇ ಇರಲಿ ಎಂದರು.

"ಗಿಡದಿಂದ ಗಿಡಕ್ಕೆ ಮೂರಡಿ ಬಿಡಿ ಅಮ್ಮಾ," ಎಂದ ನರ್ಸರಿಯವನು.

ಟೈಲರಮ್ಮ ತಲೆಯಾಡಿಸಿದರು. ಆದರೆ ಪರದೆ ಹೊಲಿಯುವಾಗ ಕಿಟಕಿಯ ಅಗಲದ ಎರಡರಷ್ಟು ಬಟ್ಟೆ ತೆಗೆದುಕೊಳ್ಳದಿದ್ದರೆ ನೆರಿಗೆ ಬೀಳುವುದಿಲ್ಲ, ಸಂದಿ ಉಳಿಯುತ್ತದೆ. ಆ ಲೆಕ್ಕ ಅವರ ಕೈಗೇ ಅಂಟಿಕೊಂಡಿತ್ತು. ಹೇಳಿದ್ದಕ್ಕಿಂತ ಎರಡರಷ್ಟು ಗಿಡ ತಂದು ಒತ್ತೊತ್ತಾಗಿ ನೆಡಿಸಿದರು.

ಗಿಡಗಳು ಪೈಪೋಟಿಗೆ ಬಿದ್ದು ಮೇಲೆದ್ದವು. ಎಲೆ ಗೋಡೆಯನ್ನು ದಾಟಿ ಆಳೆತ್ತರ ತಲುಪಿದ ಬೆಳಿಗ್ಗೆ ಟೈಲರಮ್ಮ ಕುರ್ಚಿ ಹಾಕಿ ಕೂತು, ಗಂಡನನ್ನು ಓಣಿಗೆ ಅಟ್ಟಿದರು.

"ಕಾಣ್ತೀನಾ?"

"ಸೊಪ್ಪು ಮಾತ್ರ ಭರ್ಜರಿಯಾಗಿದೆ."

"ಸೊಪ್ಪಿನ ಮಾತು ಬಿಡ್ರೀ. ನಾನು?"

ಗಂಡ ಗೋಡೆಯ ಹತ್ತಿರ ಬಂದು ಬಗ್ಗಿ ನೋಡಿದರು. "ಮುಖ ಒಂದು ಕಾಣುತ್ತೆ ಕಣೇ. ಫೋಟೋಗೆ ಚೌಕಟ್ಟು ಹಾಕಿದ ಹಾಗೆ."

ಎಲೆಯೆಲ್ಲ ತುದಿಯಲ್ಲಿತ್ತು. ಗೋಡೆಯ ಮೇಲಿನ ಎರಡಡಿಯಲ್ಲಿ, ಸರಿಯಾಗಿ ಕೂತವರ ತಲೆಯ ಮಟ್ಟದಲ್ಲಿ, ಬರೀ ಕಡ್ಡಿಗಳು.

ನರ್ಸರಿಯವನು ಬಂದು ನೋಡಿ ಹಣೆ ಒರೆಸಿಕೊಂಡ. "ಉಸಿರಾಡೋಕೂ ಜಾಗ ಬಿಟ್ಟಿಲ್ವಲ್ಲಮ್ಮಾ. ಬೆಳಕು ಸಿಗದೆ ಕೆಳಗಿನ ಎಲೆ ಉದುರಿದೆ. ಒಂದು ಬಿಟ್ಟು ಒಂದು ಕಿತ್ತುಹಾಕಿ, ಉಳಿದದ್ದನ್ನ ಮೊಣಕಾಲೆತ್ತರಕ್ಕೆ ಕತ್ತರಿಸಿ. ಬುಡದಿಂದ ತುಂಬ್ಕೊಂಡು ಬರುತ್ತೆ."

"ಯಾವಾಗ?"

"ಇನ್ನೊಂದು ವರ್ಷ ಅಂದ್ಕೊಳ್ಳಿ."

ಬಟ್ಟೆ ಕೆಟ್ಟಿತೆಂದು ಕತ್ತರಿ ಕೆಳಗಿಟ್ಟವರಲ್ಲ ಟೈಲರಮ್ಮ. ಮರುದಿನ ಗಂಡ ಗುದ್ದಲಿ ಹಿಡಿದರು, ಇವರು ಗಿಡದ ಕತ್ತರಿ ಹಿಡಿದರು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಒಂದು ರೆಂಬೆ ತಲೆಯ ಬಟ್ಟೆಗೆ ಸಿಕ್ಕಿ ಅದನ್ನು ಎಳೆದುಕೊಂಡು ಬಿತ್ತು. ಅದೇ ಹೊತ್ತಿಗೆ ಓಣಿಯಲ್ಲಿ ಸೈಕಲ್ ಬೆಲ್. ಟೈಲರಮ್ಮ ಕತ್ತರಿಸಿದ ರೆಂಬೆಗಳ ರಾಶಿಯ ಮೇಲೆ, ಗೋಡೆಯ ಮರೆಗೆ, ದೊಪ್ಪನೆ ಕುಸಿದು ಕೂತರು. ಗಂಡ ಸೈಕಲ್ಲಿನವರಿಗೆ ಏನೋ ಹೇಳಿ ನಗಿಸುತ್ತಿದ್ದರು.

ನೆತ್ತಿ ಬೆಚ್ಚಗಾಯಿತು. ಬಿಸಿಲು ಕಿವಿಯ ಹಿಂದಕ್ಕೆ, ಕತ್ತಿಗೆ ಇಳಿಯಿತು. ಕಣ್ಣು ತಾನಾಗಿ ಮುಚ್ಚಿತು.

"ಹೋದ್ರು, ಏಳು," ಎಂದು ಗಂಡ ಬಟ್ಟೆ ಕೊಡವಿ ಚಾಚಿದರು.

"ಇನ್ನೂ ಹೋಗಿಲ್ಲ ಅನ್ರೀ," ಎಂದರು ಟೈಲರಮ್ಮ, ಕಣ್ಣು ತೆರೆಯದೆ.